ಲೊರೀನಳಿಗೆ ಬಂದ ಕಾಗದ

ಸೀಡರ್ ಬೆಂಡ್, ಅಯೋವಾ
ಸೆಪ್ಟೆಂಬರ್ 27, 1987

ಪ್ರೀತಿಯ ಮೇವಿಸ್,

ನೀನು ಸೆನೆಟರ್ ಪ್ರೆಂಟಿಸನ ಪ್ರಚಾರದ ಆಫೀಸು ಸೇರಿ ಐದು ತಿಂಗಳಾಯಿತು. ಇಷ್ಟು ದಿನದಲ್ಲಿ ನಿನ್ನಿಂದ ಬಂದದ್ದು ಎರಡು ಕಾಗದ. ಎರಡರಲ್ಲೂ ಹವಾಮಾನದ ಸುದ್ದಿ. ಒಡಹುಟ್ಟಿದವಳಿಗಿಂತ ನಿನ್ನ ಸಾಹೇಬನೇ ವಾಸಿ ಮಾರಾಯ್ತಿ. ಅಧ್ಯಕ್ಷನಾಗಲು ಹೊರಟವನು, ದೇಶವೆಲ್ಲ ಸುತ್ತಬೇಕಾದವನು, ಬಿಡುವು ಮಾಡಿಕೊಂಡು ನಮ್ಮ ಲೊರೀನ್ ವಾವ್ರಾಗೆ ಎರಡು ಪುಟ ಕೈಯಲ್ಲೇ ಬರೆದಿದ್ದಾನೆ!

ಲೊರೀನಳ ಸಂಗತಿ ನಿನಗೆ ಆಗಲೇ ತಿಳಿಸಿದ್ದೆ. ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿದ ಮೇಲೆ, ಈ ಫೆಬ್ರವರಿಯಲ್ಲಿ ಅವಳಿಗೆ ನೋವು ಬಂದಾಗ ಐವತ್ತೆರಡು ಮೈಲಿ ಹೋಗಬೇಕಾಯಿತು. ಮಗು ದಾರಿಯಲ್ಲೇ ಹುಟ್ಟಿ ದಾರಿಯಲ್ಲೇ ಹೋಯಿತು. ಆಮೇಲೆ ಅವಳು ಚುನಾವಣೆಗೆ ನಿಂತ ಐದೂ ಜನರಿಗೆ ಬರೆದಳು. ನಾಲ್ವರಿಂದ ಅಚ್ಚು ಹಾಕಿದ ಕಾರ್ಡು ಬಂತು. ಪ್ರೆಂಟಿಸ್ ಮಾತ್ರ ಮಗುವನ್ನು ಹೆಸರು ಹಿಡಿದು, ಮಾರ್ಥಾ ಜೇನ್ ಎಂದು ಬರೆದಿದ್ದಾನೆ. ‘ಉಗ್ರಾಣದ ಪಕ್ಕದ ಸೇತುವೆ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನಿಧಾನವಾಗಿ ಗಾಡಿ ಓಡಿಸಿದ್ದಕ್ಕೆ ನಿಮ್ಮ ಗಂಡ ತನ್ನನ್ನು ತಾನು ಶಪಿಸಿಕೊಳ್ಳದಿರಲಿ’ ಎಂದಿದ್ದಾನೆ. ‘ನಾನು ಆರಿಸಿ ಬಂದರೆ, ನನ್ನ ಮೊದಲ ಸಹಿ ನಿಮ್ಮಂಥ ಊರುಗಳ ಹೆರಿಗೆ ವಾರ್ಡು ತೆರೆಸುವುದಕ್ಕೆ’ ಎಂದೂ ಇದೆ.

ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ನಾವು ಕೊಲಾಚ್ ಬನ್ನಿಗೆ ಗಸಗಸೆ ಹೂರಣ ತುಂಬುತ್ತಿದ್ದಾಗ ಅವಳು ಬಂದು ಓದಿದಳು. ಒಲೆಯ ಮೇಲಿನ ಹಾಲು ಉಕ್ಕಿದ್ದು ಯಾರಿಗೂ ತಿಳಿಯಲಿಲ್ಲ. “ನಮ್ಮೂರ ಸೇತುವೆ ಅವನಿಗೆ ಹೆಂಗೆ ಗೊತ್ತಾಯ್ತೇ?” ಅಂದಳು ಬರ್ನೀಸ್. “ವಿಚಾರ್ಸಿರ್ತಾನೆ ಕಣೇ. ನಮ್ಮ ಗಂಡಂದಿರು ವಿಚಾರ್ಸ್ತಾರಾ? ಮನೇಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಿಲ್ಲ ಅವ್ಕೆ” ಅಂದಳು ಇನ್ನೊಬ್ಬಳು.

ನಾನಂತೂ ನಮ್ಮ ಯಜಮಾನ ಎಮಿಲನ ಹಾಗೆ, ಆ ಐವರಲ್ಲಿ ಗವರ್ನರ್ ಕೀಲರನ ಕಡೆಯವಳೇ. ಆದರೂ ಕೇಳುತ್ತೇನೆ, ಅವನು ನಿಜವಾಗಿ ತಾನೇ ಬರೆಯುತ್ತಾನೇನೇ?

ನಿನ್ನ ಅಕ್ಕ,
ಆರ್ಡಿಸ್

---

ಇಂಡಿಯಾನಾಪೊಲಿಸ್
ಅಕ್ಟೋಬರ್ 14, 1987

ಪ್ರೀತಿಯ ಅಕ್ಕ,

ಕಾಗದ ತಲುಪಿತು. ಇಲ್ಲಿ ಮಳೆ ನಿಂತಿದೆ. (ಬೈಯಬೇಡ.)

ಸೆನೆಟರಿಗೆ ದಿನಕ್ಕೆ ಆರೇಳು ನೂರು ಕಾಗದ ಬರುತ್ತವೆ. ಉತ್ತರಗಳು ಈ ಆಫೀಸಿನಿಂದಲೇ ಹೋಗುತ್ತವೆ. ಅದಕ್ಕಿಂತ ಹೆಚ್ಚು ಹೇಳುವುದು ನನ್ನ ಕೆಲಸವಲ್ಲ. ಅವರು ಒಳ್ಳೆಯ ಮಾತುಗಾರರು, ದುಡಿಯುವವರು.

ಲೊರೀನ್ ಹೇಗಿದ್ದಾಳೆ? ಊಟ, ನಿದ್ದೆ ಸರಿಯಾಗಿದೆಯೇ? ಉತ್ತರ ಓದಿ ಅವಳಿಗೆ ಸ್ವಲ್ಪವಾದರೂ ಸಮಾಧಾನವಾಯಿತೇ? ಇದನ್ನು ಬರೆಯಲು ಮರೆಯಬೇಡ. ಇನ್ನೊಂದು ಮಾತು. ಆ ಕಾಗದ ಅವಳೊಬ್ಬಳಿಗೆ ಬರೆದದ್ದು. ಊರೆಲ್ಲ ಕೈಯಿಂದ ಕೈಗೆ ದಾಟಿಸುವಂಥದ್ದಲ್ಲ. ಮನೆಯಲ್ಲೇ ಇಟ್ಟುಕೊಳ್ಳಲು ಅವಳಿಗೆ ಹೇಳು.

ಎಮಿಲ್ ಭಾವನಿಗೆ ನಮಸ್ಕಾರ.

ಮೇವಿಸ್

---

ಸೀಡರ್ ಬೆಂಡ್
ನವೆಂಬರ್ 8, 1987

ಪ್ರೀತಿಯ ಮೇವಿಸ್,

ಪಟ್ಟಣ ಸೇರಿದವರಿಗೆ ನಾವು ಕೈಯಿಂದ ಕೈಗೆ ಕಾಗದ ದಾಟಿಸುವ ಹಳ್ಳಿ ಮುಕ್ಕರು. ಇರಲಿ ಬಿಡು. ನಿನ್ನ ಮಾತನ್ನು ಲೊರೀನಳಿಗೆ ಹೇಳಲಿಲ್ಲ. ಏಕೆಂದು ಕೇಳು.

ಮಗು ಹೋದಾಗಿನಿಂದ ಬೇಸಿಗೆ ಕಳೆಯುವವರೆಗೂ ಹೊಸಿಲು ದಾಟದವಳು ಈಗ ದಿನಾ ಮನೆಮನೆಗೆ ಹೋಗುತ್ತಿದ್ದಾಳೆ. ಬಾಗಿಲು ತಟ್ಟುತ್ತಾಳೆ, ಕಾಗದ ಬಿಚ್ಚುತ್ತಾಳೆ, ಓದುತ್ತಾಳೆ. ಅವಳ ಕೆನ್ನೆಗೆ ರಕ್ತ ಬಂದಿದೆ. ಮೊನ್ನೆ ನಮ್ಮ ಮನೆಯಲ್ಲಿ ಎರಡು ತಟ್ಟೆ ಹಂದಿಮಾಂಸ, ಕೋಸಿನ ಪಲ್ಯ ತಿಂದು ಹೋದಳು. ನಿನ್ನ ಪ್ರಶ್ನೆಗೆ ಇದೇ ಉತ್ತರ.

ಊರಿನ ಹೆಂಗಸರು ಒಬ್ಬೊಬ್ಬರಾಗಿ ಪ್ರೆಂಟಿಸನ ಕಡೆ ತಿರುಗಿದ್ದಾರೆ. ನಾನೂ ತಿರುಗಿದೆ. ನಮ್ಮೂರಿಗೆ ಅವನ ಕಡೆಯ ಮುಖ್ಯಸ್ಥೆ ನಾನೇ ಈಗ. ಅದಕ್ಕೆ ಒಂದು ಬಿಲ್ಲೆ ಬೇರೆ ಕೊಟ್ಟಿದ್ದಾರೆ. ಗುಟ್ಟಾಗಿ ಚೀಟಿ ಹಾಕುವ ಹಾಗಿದ್ದಿದ್ದರೆ ಎಮಿಲನಿಗೆ ತಿಳಿಯುತ್ತಲೇ ಇರಲಿಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ನಮ್ಮ ಕಾಕಸ್ ಸಭೆಯ ಹಣೆಬರಹ ನಿನಗೆ ಗೊತ್ತೇ ಇದೆ. ಶಾಲೆಯ ಜಿಮ್ಮಿನಲ್ಲಿ ಊರೆದುರು ನಡೆದುಕೊಂಡು ಹೋಗಿ ನಮ್ಮವನ ಮೂಲೆಯಲ್ಲಿ ನಿಲ್ಲಬೇಕು, ತಲೆ ಎಣಿಸಬೇಕು. ಹಾಗಾಗಿ ಅವನಿಗೆ ಈಗಲೇ ಹೇಳಿಬಿಟ್ಟೆ. “ಮೂವತ್ತೆಂಟು ವರ್ಷ ಒಂದೇ ಮೂಲೇಲಿ ನಿಂತಿದ್ವಲ್ಲೇ” ಅಂದ. ಎರಡು ದಿನ ಮಾತಾಡಲಿಲ್ಲ. ನನಗೂ ಸ್ವಲ್ಪ ಆರಾಮವೇ ಆಯಿತು.

ನಲವತ್ತೊಂದು ಹೆಂಗಸರು ನನ್ನ ಕೈ ಹಿಡಿದು ಮಾತು ಕೊಟ್ಟಿದ್ದಾರೆ. ನಿನ್ನ ಸಾಹೇಬನಿಗೆ ಹೇಳು.

ಆರ್ಡಿಸ್

---

ಇಂಡಿಯಾನಾಪೊಲಿಸ್
ನವೆಂಬರ್ 29, 1987

ಪ್ರೀತಿಯ ಅಕ್ಕ,

ನಿನ್ನ ಜಿಲ್ಲೆ ಇಲ್ಲಿ ಗೋಡೆಯ ಮೇಲೆ ಏರಿದೆ. ಹೆಂಗಸರ ಬೆಂಬಲ ಅಂತ ಕೆಂಪು ಗೆರೆ ಎಳೆಯುತ್ತಾರೆ. ಸೀಡರ್ ಬೆಂಡಿನ ಸುತ್ತ ಆ ಗೆರೆ ನೆಟ್ಟಗೆ ಮೇಲಕ್ಕೆ ಹೋಗಿರುವುದು ಯಾಕೆಂದು ಲೆಕ್ಕದ ಹುಡುಗರಿಗೆ ತಿಳಿಯದೆ, ಕೊನೆಗೆ ಟೀವಿ ಜಾಹೀರಾತಿನಲ್ಲಿ ಸೆನೆಟರ್ ಸ್ವೆಟರು ಹಾಕಿಕೊಂಡದ್ದೇ ಕಾರಣ ಎಂದು ತೀರ್ಮಾನಿಸಿದ್ದಾರೆ. ಈಗ ಎಲ್ಲ ಕಡೆ ಸ್ವೆಟರೇ.

ಅಕ್ಕ, ಆ ಮುಖ್ಯಸ್ಥೆಯ ಕೆಲಸ ಬಿಟ್ಟುಬಿಡು. ಮಂಡಿ ನೋವು ಅನ್ನು, ಏನಾದರೂ ಅನ್ನು. ಚುನಾವಣೆಯಲ್ಲಿ ಬರೆದ ಮಾತು ಚುನಾವಣೆಯ ಮಾತು. ಒಬ್ಬ ಮನುಷ್ಯನ ಪರವಾಗಿ ನಲವತ್ತೊಂದು ಜನರ ಕೈ ಹಿಡಿಯುವುದಕ್ಕೆ ನಿನಗೆ ಆ ಮನುಷ್ಯ ಗೊತ್ತೇ? ಲೊರೀನಳನ್ನೂ ಸ್ವಲ್ಪ ತಡೆ. ನಾನು ಹೇಳುವುದನ್ನು ಕೇಳು, ಕಾರಣ ಕೇಳಬೇಡ.

ಮೇವಿಸ್

---

ಸೀಡರ್ ಬೆಂಡ್
ಜನವರಿ 17, 1988

ಮೇವಿಸ್,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ಸಿಟ್ಟಿನಿಂದ. ಊರಲ್ಲಿ ಅಕ್ಕನಿಗೆ ಒಂದಿಷ್ಟು ಬೆಲೆ ಬಂದದ್ದು ತಂಗಿಗೆ ಸಹಿಸಲಿಲ್ಲ ಅಂದುಕೊಂಡೆ. ಬಾಯಿಬಿಟ್ಟು ಎಮಿಲನೊಡನೆ ಹಾಗೇ ಅಂದೂಬಿಟ್ಟೆ. ಈಗ ಬೇರೆ ಏನೋ ಅನ್ನಿಸುತ್ತಿದೆ.

ಗುರುವಾರ ಪ್ರೆಂಟಿಸ್ ಜಿಲ್ಲೆಯ ಹೈಸ್ಕೂಲಿಗೆ ಬಂದ. ನಾವು ಮೂರು ವ್ಯಾನು ತುಂಬ ಹೋದೆವು. ಲೊರೀನ್ ಮದುವೆಗೆ ಹೊಲಿಸಿದ್ದ ನೀಲಿ ಕೋಟು ಹಾಕಿಕೊಂಡಿದ್ದಳು. ಪ್ರಶ್ನೆ ಕೇಳುವ ಹೊತ್ತಿನಲ್ಲಿ ಯಾರೋ ಗಂಡಸು ಸಣ್ಣ ಆಸ್ಪತ್ರೆಗಳ ಮಾತೆತ್ತಿದ. ಸಣ್ಣ ಆಸ್ಪತ್ರೆಗಳ ಕಾಲ ಮುಗಿಯಿತು, ಅವನ್ನು ಮುಚ್ಚಿ ದೊಡ್ಡವನ್ನು ಬೆಳೆಸಬೇಕು ಅಂದ ಪ್ರೆಂಟಿಸ್, ನೀರು ಕುಡಿದಷ್ಟು ಸಲೀಸಾಗಿ. ಲೊರೀನ್ ಎದ್ದು ನಿಂತಳು. “ಸಾರ್, ನಂಗೆ ಬೇರೆ ಥರ ಬರ್ದಿದ್ರಲ್ಲ ನೀವು?” ಅಂದಳು. ಕಾಗದ ಮುಂದೆ ಹೋಯಿತು. ಅವನು ಅದನ್ನು ಪೂರ್ತಿ ಓದಿದ. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು ಮೇವಿಸ್, ನಾನು ಎರಡನೇ ಸಾಲಿನಲ್ಲೇ ಕೂತಿದ್ದೆ. “ಅಮ್ಮಾ, ಇದನ್ನ ನಾನು ಬರೀಲಿಲ್ಲ. ಯಾರೋ ನಿಮ್ಮ ಜೊತೆ ಕೆಟ್ಟ ಆಟ ಆಡಿದಾರೆ” ಅಂದ.

ಮರುದಿನ ಜಿಲ್ಲೆಯ ಪತ್ರಿಕೆಯಲ್ಲಿ ಅವನ ಕಡೆಯವನೊಬ್ಬನ ಹೇಳಿಕೆ ಬಂತು. ಇಂಥ ಕಾಗದ ನಮ್ಮಿಂದ ಹೋಗಿಲ್ಲ, ಮಗು ಕಳೆದುಕೊಂಡ ತಾಯಿಯ ಮನಸ್ಸಿನ ಸ್ಥಿತಿ ಅರ್ಥವಾಗುತ್ತದೆ, ನಾವು ದೂರು ಕೊಡುವುದಿಲ್ಲ ಎಂದು. ಎಂಥ ದೊಡ್ಡ ಮನಸ್ಸು ನೋಡು!

ಹೆಂಗಸರು ಪ್ರೆಂಟಿಸನನ್ನು ಬಿಡುತ್ತಾರೆ ಅಂದುಕೊಂಡೆ. ಬಿಟ್ಟದ್ದು ಲೊರೀನಳನ್ನು. ಅವಳು ಚರ್ಚಿನ ಬ್ಯಾನರು ಬರೆಯುವವಳಲ್ಲವೇ, ಅಕ್ಷರ ಮುದ್ದಾಗಿದೆಯಲ್ಲವೇ. “ಪಾಪ, ದುಃಖದಲ್ಲಿ ತಾನೇ ಬರ್ಕೊಂಡಿರ್ಬೇಕು ಕಣೆ. ನಂಗೆ ಮೊದ್ಲಿಂದ್ಲೂ ಅನುಮಾನ” ಅಂತ ಬರ್ನೀಸ್ ನನ್ನ ಅಡುಗೆಮನೆಯಲ್ಲೇ ಕೂತು ಹೇಳಿದಳು. ಮೊದಲ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳು ಅವಳೇ. ಪ್ರೆಂಟಿಸ್ ಎಷ್ಟು ಮೆತ್ತಗೆ ಮಾತಾಡಿದ, ಗದರಲಿಲ್ಲ, ಎಂದು ಅವನ ಮೇಲೆ ಪ್ರೀತಿ ಇನ್ನಷ್ಟು ಉಕ್ಕಿದೆ.

ನಿನ್ನೆ ಲೊರೀನಳ ಮನೆಗೆ ಹೋಗಿದ್ದೆ. ಅವಳು ಒಂದೇ ಮಾತು ಹೇಳಿದಳು. “ಆ ಸೇತುವೆ ಸುದ್ದಿ ನಾನು ಬರ್ದೇ ಇರ್ಲಿಲ್ಲ ಆರ್ಡಿಸ್. ಅದನ್ನ ನೆನೆಸ್ಕೊಳ್ಳೋಕೂ ಆಗ್ತಿರ್ಲಿಲ್ಲ ನಂಗೆ.”

ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಉಗ್ರಾಣದ ಪಕ್ಕದ ಸೇತುವೆ ರಸ್ತೆಗಿಂತ ಮೊದಲು ಹೆಪ್ಪುಗಟ್ಟುವುದು ಈ ಊರಲ್ಲಿ ಬೆಳೆದವರಿಗೆ ಗೊತ್ತು. ನಿನ್ನ ಹನ್ನೆರಡನೇ ವಯಸ್ಸಿನಲ್ಲಿ ಅಲ್ಲೇ ಸೈಕಲ್ ಜಾರಿ ನಿನ್ನ ಮುಂಗೈ ಮುರಿದಿತ್ತು.

ಹೇಳು.

ಆರ್ಡಿಸ್

---

ಇಂಡಿಯಾನಾಪೊಲಿಸ್
ಜನವರಿ 22, 1988

ಅಕ್ಕ,

ನಾನೇ ಬರೆದದ್ದು.

ಇಲ್ಲಿ ಹಿಂದಿನ ಕೋಣೆಯಲ್ಲಿ ಆರು ಜನ ಹೆಂಗಸರಿದ್ದೇವೆ. ಸೆನೆಟರ ಅಕ್ಷರ ಬಲಕ್ಕೆ ವಾಲುತ್ತದೆ. ಅದನ್ನು ಮೂರು ವಾರ ಕಾಪಿ ಬರೆಸಿ ಕಲಿಸಿದರು. ಬಂದ ಕಾಗದಗಳ ಮೂಲೆಯಲ್ಲಿ ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿರುತ್ತಾರೆ: ರೈತ, ನಾಲ್ಕು. ಶಾಲೆ, ಒಂದು. ಆ ಸಂಖ್ಯೆಯ ಸಿದ್ಧ ಮಾತುಗಳನ್ನು ಅವರ ಕೈಬರಹದಲ್ಲಿ ಇಳಿಸುವುದು ನಮ್ಮ ಕೆಲಸ. ಆಫೀಸಿನಲ್ಲಿ ಇದು ಎಲ್ಲರಿಗೂ ಗೊತ್ತು, ಸೆನೆಟರಿಗೂ ಗೊತ್ತು. ಲೊರೀನಳ ಕಾಗದದ ಮೇಲೆ ‘ಸಂತಾಪ, ಎರಡು’ ಎಂದಿತ್ತು. ನಾಲ್ಕು ಸಾಲು. ‘ನಿಮ್ಮ ನಷ್ಟ ಇಡೀ ದೇಶದ ನಷ್ಟ’ ಎಂದು ಶುರುವಾಗುತ್ತದೆ.

ನಮ್ಮೂರ ಅಂಚೆ ಮುದ್ರೆ ನೋಡಿದೆ. ನಾಲ್ಕು ಸಾಲು ಬರೆದು ನಿಲ್ಲಿಸಲಾಗಲಿಲ್ಲ. ಫೆಬ್ರವರಿಯಲ್ಲಿ ಆ ದಾರಿ ಹಿಡಿದವರು ಸೇತುವೆಯ ಮೇಲೆ ನಿಧಾನಿಸಲೇಬೇಕು, ಅದು ಬಂತು; ಅವಳೇ ಬರೆದಿದ್ದ ಮಗುವಿನ ಹೆಸರು ಬಂತು. ಕೊನೆಗೆ ಆ ಮೊದಲ ಸಹಿಯ ಮಾತೂ ಬಂತು. ಅವರು ಹೇಳಬೇಕಾಗಿದ್ದ ಮಾತು ಅದು, ಬರೆಯುವಾಗ ಅವರೇ ಹೇಳುತ್ತಿದ್ದಾರೆ ಅನ್ನಿಸಿತ್ತು. ವರ್ಷಗಟ್ಟಲೆ ಟೈಪು ಮಾಡಿದ್ದೇನೆ ಅಕ್ಕ, ಒಂದು ಸಾಲೂ ನನ್ನದಾಗಿರಲಿಲ್ಲ. ಅದೊಂದು ಬರೆದ ದಿನ ಮನೆಗೆ ನಡೆದುಕೊಂಡೇ ಹೋದೆ, ಅಷ್ಟು ಖುಷಿಯಾಗಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಸೋಮವಾರ ನಮ್ಮನ್ನೆಲ್ಲ ನಿಲ್ಲಿಸಿ ಕೇಳಿದರು. ಆರೂ ಜನ ಇಲ್ಲ ಅಂದೆವು. ನಾನೂ ಅಂದೆ. ಒಪ್ಪಿಕೊಂಡರೆ ಕೆಲಸ ಹೋಗುವುದಷ್ಟೇ ಅಲ್ಲ, ವಕೀಲರಿದ್ದಾರೆ ಎಂದೂ ಹೇಳಿದರು. ನನಗೆ ನಲವತ್ತೆಂಟು. ಗಂಡ ಇಲ್ಲ, ಮನೆ ಇಲ್ಲ. ನಿನಗೆ ಹೇಳಿದ್ದೇನೆ, ನಿನ್ನಲ್ಲೇ ಇರಲಿ. ಲೊರೀನಳಿಗೆ ಸಮಾಧಾನವಾಗುವ ಹಾಗೆ ಏನಾದರೂ ಹೇಳು. ನಿನಗೆ ಅದು ಬರುತ್ತದೆ.

ಮೇವಿಸ್

---

ಸೀಡರ್ ಬೆಂಡ್
ಜನವರಿ 26, 1988

ಮೇವಿಸ್,

ಸಮಾಧಾನ ಹೇಳಲು ನಾನು ‘ಸಂತಾಪ, ಎರಡು’ ಅಲ್ಲ.

ಲೊರೀನಳ ಗಂಡ ಅವಳನ್ನು ನರರೋಗದ ಡಾಕ್ಟರಿಗೆ ತೋರಿಸಿದ್ದಾನೆ. ಗುಳಿಗೆ ಕೊಟ್ಟಿದ್ದಾರೆ, ಮಧ್ಯಾಹ್ನವೆಲ್ಲ ಮಲಗಿರುತ್ತಾಳೆ. ಅವಳ ಅತ್ತೆ, ಮನೆಯಲ್ಲಿದ್ದ ಪೆನ್ನು, ಕಾಗದ, ಬ್ಯಾನರಿನ ಬಣ್ಣ ಎಲ್ಲ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ನನ್ನೆದುರಿಗೇ ಬೀಗದ ಕೈ ತೋರಿಸಿ, “ಡಾಕ್ಟ್ರು ಹೇಳ್ಲಿಲ್ಲ, ನಾನೇ ಮಾಡ್ದೆ” ಅಂದಳು, ಏನೋ ಸಾಧಿಸಿದವಳ ಹಾಗೆ. ಲೊರೀನಳಿಗೇ ಈಗ ತನ್ನ ಮೇಲೆ ಅನುಮಾನ ಬಂದಿದೆ. “ನಾನೇ ಬರ್ಕೊಂಡಿರ್ಬಹುದಾ ಆರ್ಡಿಸ್?” ಎಂದು ಕೇಳಿದಳು. ನಾನು ಅವಳ ಮುಖ ನೋಡಲಾರದೆ ಕಿಟಕಿ ನೋಡಿದೆ. ನಿನ್ನಿಂದಾಗಿ.

ನಾನು ಹೇಳುವುದಿಲ್ಲ. ಹೇಳಬೇಕಾದವಳು ನೀನು. ಎಂಟನೇ ತಾರೀಖು ಕಾಕಸ್. ಅಷ್ಟರೊಳಗೆ ಅವಳಿಗೊಂದು, ಪತ್ರಿಕೆಗೊಂದು ಬರೆ. ಇಲ್ಲಿ ಬಂದು ಇರು, ಮಹಡಿಯ ಕೋಣೆ ಖಾಲಿ ಇದೆ. ಊಟಕ್ಕೆ ಕೊರತೆಯಿಲ್ಲ.

ಆರ್ಡಿಸ್

---

ಇಂಡಿಯಾನಾಪೊಲಿಸ್
ಫೆಬ್ರವರಿ 3, 1988

ಅಕ್ಕ,

ನಾಲ್ಕು ಸಲ ಬರೆದು ಹರಿದೆ. ನನ್ನ ಹೆಸರಿನಲ್ಲಿ ಬರೆಯಲು ಕೂತರೆ ಪೆನ್ನು ಮುಂದಕ್ಕೇ ಹೋಗುತ್ತಿಲ್ಲ. ಕೊನೆಗೆ ಒಂದು ದಾರಿ ಹೊಳೆಯಿತು.

ಇದರ ಜೊತೆ ಒಂದು ಲಕೋಟೆ ಇದೆ. ಲೊರೀನಳಿಗೆ ಸೆನೆಟರಿಂದ. ‘ಆ ಕಾಗದ ನನ್ನದೇ. ಸಭೆಯಲ್ಲಿ ಒಪ್ಪಿಕೊಳ್ಳಲು ಹೆದರಿದೆ, ಕ್ಷಮಿಸಿ’ ಎಂದು ಬರೆದಿದ್ದೇನೆ. ಅದೇ ಮಸಿ, ಅದೇ ಹಾಳೆ. ಅವಳು ಅದನ್ನು ಜಿಮ್ಮಿನಲ್ಲಿ ಎತ್ತಿ ತೋರಿಸಲಿ. ಅವಳು ಸುಳ್ಳಿಯಲ್ಲ, ಹುಚ್ಚಿಯಲ್ಲ ಎಂದು ಊರಿಗೆ ತಿಳಿಯುತ್ತದೆ. ಸೆನೆಟರ್ ಅಲ್ಲ ಅಂದರೂ ಇನ್ನು ಯಾರು ನಂಬುತ್ತಾರೆ? ಯಾರಿಗೂ ತೊಂದರೆಯಿಲ್ಲದೆ ಮುಗಿಯುತ್ತದೆ. ನಿನ್ನ ಕೈಯಾರೆ ಕೊಡು.

ಮೇವಿಸ್

---

ಸೀಡರ್ ಬೆಂಡ್
ಫೆಬ್ರವರಿ 9, 1988

ಮೇವಿಸ್,

ಕುಳಿತುಕೊಂಡು ಓದು.

ನಿನ್ನ ಲಕೋಟೆ ಶನಿವಾರ ಬಂತು. ಎರಡು ದಿನ ಅದನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಕೊಟ್ಟುಬಿಡೋಣ ಅಂತ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ಲೊರೀನಳ ಮಾನ ಉಳಿಯುತ್ತದೆ, ನಿನ್ನ ಕೆಲಸ ಉಳಿಯುತ್ತದೆ, ಹೋಗುವುದು ಆ ಪ್ರೆಂಟಿಸನದ್ದು. ಅವನ ಬಗ್ಗೆ ನನಗೆ ಯಾವ ಮರುಕವೂ ಇಲ್ಲ. ಆದರೆ ಸುಳ್ಳು ಕಾಗದದಿಂದ ಕೆಟ್ಟದ್ದನ್ನು ಇನ್ನೊಂದು ಸುಳ್ಳು ಕಾಗದದಿಂದ ತೊಳೆಯುವುದೆಂದರೆ, ಅವಳಿಗೆ ಮತ್ತೊಂದು ಸಲ ಮೋಸ ಮಾಡಿದ ಹಾಗೆ. ಈ ಸಲ ನಾನೂ ಸೇರಿಕೊಂಡು.

ನಿನ್ನೆ ಜಿಮ್ಮಿನಲ್ಲಿ ನೂರಾ ಎಂಟು ಜನ ಸೇರಿದ್ದರು. ನನ್ನ ನಲವತ್ತೊಂದು ಹೆಂಗಸರಲ್ಲಿ ನಲವತ್ತು ಜನ ಪ್ರೆಂಟಿಸನ ಮೂಲೆಯಲ್ಲಿ. ಎಮಿಲ್ ಎದುರಿನ ಮೂಲೆಯಲ್ಲಿ ಕೀಲರನ ಕಡೆ. ಆಮೇಲೆ ಬಾಗಿಲಲ್ಲಿ ಲೊರೀನ್ ಕಾಣಿಸಿದಳು, ಒಬ್ಬಳೇ. ನೇರ ನಡೆದು ಬಂದು ಪ್ರೆಂಟಿಸನ ಮೂಲೆಯಲ್ಲೇ ನಿಂತಳು. ಪಕ್ಕದವರು ಸ್ವಲ್ಪ ಸ್ವಲ್ಪವೇ ಸರಿದರು. “ಇಲ್ಯಾಕೇ ಬಂದೆ?” ಅಂದಳು ಬರ್ನೀಸ್. ಲೊರೀನ್ ಮೆಲ್ಲಗೆ ಹೇಳಿದಳು, “ಬರ್ದೋರು ಯಾರೋ ಗೊತ್ತಿಲ್ಲ. ನನ್ ಮಗೂನ ಹೆಸರು ಹಿಡ್ದು ಕರ್ದಿದ್ದು ಅವ್ರೊಬ್ರೇ. ಇನ್ನೆಲ್ಲಿ ನಿಲ್ಲಲಿ?”

ಅಷ್ಟರಲ್ಲಿ ಪ್ರೆಂಟಿಸನ ಪರವಾಗಿ ಎರಡು ನಿಮಿಷ ಮಾತಾಡಲು ನನ್ನನ್ನು ಕರೆದರು. ನಾನು ಮಾತಾಡಿದೆ. ಆ ಕಾಗದ ಬರೆದದ್ದು ನನ್ನ ತಂಗಿ ಮೇವಿಸ್ ಅಂದೆ. ಸಂಬಳಕ್ಕೆ ಅವನ ಅಕ್ಷರ ಬರೆಯುತ್ತಾಳೆ, ಅವನ ಆಫೀಸಿನಲ್ಲೇ ಕೂತು ಬರೆದಳು, ಕೇಳಿದಾಗ ಇಲ್ಲವೆಂದಳು. ನನಗೆ ಹದಿನೈದು ದಿನದಿಂದ ಗೊತ್ತಿತ್ತು, ನಾನೂ ಸುಮ್ಮನಿದ್ದೆ. ಲೊರೀನ್ ಒಂದಕ್ಷರ ಸುಳ್ಳು ಹೇಳಿಲ್ಲ. ಇಷ್ಟನ್ನೂ ಹೇಳಿ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟೆ. ಹೇಳುವುದಿಲ್ಲ ಎಂದು ನಿನಗೆ ಕೊಟ್ಟ ಮಾತು ಮುರಿದಿದ್ದೇನೆ.

ಎಲ್ಲರೂ ಧಾವಿಸಿ ಅವಳನ್ನು ಅಪ್ಪಿಕೊಂಡರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಹತ್ತೊಂಬತ್ತು ಹೆಂಗಸರು ಮೂಲೆ ಬಿಟ್ಟು ನನ್ನ ಜೊತೆ, ಯಾರ ಕಡೆಯೂ ಅಲ್ಲದವರ ಜಾಗಕ್ಕೆ ಬಂದರು. ಉಳಿದವರು ಅಲ್ಲೇ ನಿಂತರು. ಯಾಕೆಂದು ಬರ್ನೀಸಳನ್ನು ಕೇಳಿದೆ. “ನಿನ್ನ ಕೈ ಹಿಡಿದು ಮಾತು ಕೊಟ್ಟಿದ್ನಲ್ಲ ಆರ್ಡಿಸ್. ನಾನು ಹಂಗೆಲ್ಲ ಮಾತು ತಪ್ಪೋಳಲ್ಲ” ಅಂದಳು. ಎಣಿಸಿದಾಗ ನಮ್ಮೂರಲ್ಲಿ ಗೆದ್ದದ್ದು ಕೀಲರ್. ಎಮಿಲ್ ಹಲ್ಲು ಕಿರಿಯಲಿಲ್ಲ, ಅಷ್ಟು ಬುದ್ಧಿ ಇದೆ ಅವನಿಗೆ. ರಾಜ್ಯದಲ್ಲಿ ಮಾತ್ರ ಪ್ರೆಂಟಿಸನೇ ಮುಂದೆ. ಹೆಂಗಸರು ಕೈ ಹಿಡಿದರು ಎಂದು ಟೀವಿಯವನು ಇಡೀ ಬೆಳಿಗ್ಗೆ ಹೇಳುತ್ತಿದ್ದ.

ಲೊರೀನ್ ಯಾವ ಮೂಲೆಗೂ ಹೋಗದೆ ಬೆಂಚಿನ ಮೇಲೆ ಕೂತುಬಿಟ್ಟಳು. ತಲೆ ಎಣಿಕೆಗೆ ಸೇರಲಿಲ್ಲ. ಹೊರಡುವಾಗ ಅವಳ ಅತ್ತೆ ಬಂದು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟಳು. ಲೊರೀನ್ ನನ್ನ ಹತ್ತಿರ ಬಂದು ನಿನ್ನ ವಿಳಾಸ ಕೇಳಿದಳು. ಕೊಟ್ಟಿದ್ದೇನೆ.

ನಿನ್ನ ಲಕೋಟೆ ಇದರ ಜೊತೆ ವಾಪಸು ಕಳಿಸಿದ್ದೇನೆ. ನನ್ನ ಮೇಲೆ ಸಿಟ್ಟಿರಲಿ, ಆದರೂ ಬಾ. ಮಹಡಿಯ ಕೋಣೆ ಗುಡಿಸಿದ್ದೇನೆ.

ಆರ್ಡಿಸ್

---

ಸೀಡರ್ ಬೆಂಡ್
ಫೆಬ್ರವರಿ 13, 1988

ಮಿಸ್ ಮೇವಿಸ್ ಅವರಿಗೆ,

ನಿಮ್ಮನ್ನು ಕೆಲಸದಿಂದ ತೆಗೆದರೆಂದು ಆರ್ಡಿಸ್ ಹೇಳಿದಳು. ಒಳ್ಳೆಯದಾಯಿತು ಅಂದುಕೊಂಡೆ. ಆಮೇಲೆ ಹಾಗೆ ಅಂದುಕೊಂಡದ್ದಕ್ಕೆ ಬೇಜಾರಾಯಿತು. ಎರಡೂ ನಿಜ.

ಮೂರು ದಿನದಲ್ಲಿ ನಮ್ಮ ಮನೆಗೆ ಒಂಬತ್ತು ತಟ್ಟೆ ಕಡುಬು ಬಂದಿವೆ. ಕ್ಷಮಿಸು ಅನ್ನಲು ಬಾಯಿ ಬಾರದವರು ಸೇಬು ಬೇಯಿಸಿ ತರುತ್ತಾರೆ. ತಿನ್ನುವುದಕ್ಕಾಗುತ್ತಿಲ್ಲ.

ನನ್ನ ತಲೆ ಕೆಟ್ಟಿದೆಯೆಂದು ನಾನೇ ನಂಬುವ ಹಾಗೆ ಮಾಡಿದಿರಿ. ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಆದರೆ ಮಗು ಹೋದ ಮೇಲೆ ಊರಿನವರೆಲ್ಲ ‘ಅದು’, ‘ಆ ವಿಷಯ’ ಅನ್ನುತ್ತಿದ್ದರು. ಮಾರ್ಥಾ ಜೇನ್ ಎಂದು ಬರೆದವರು ನೀವೊಬ್ಬರೇ. ಅದನ್ನು ನೀವು ಯಾರದೋ ಅಕ್ಷರದಲ್ಲಿ, ಯಾರದೋ ಹೆಸರಿನಲ್ಲಿ ಬರೆದಿರಿ. ಹಾಗಾಗಿ ಅದು ನನಗೆ ಬಂದ ಕಾಗದವೋ ಅಲ್ಲವೋ ಎಂದು ನನಗೆ ತಿಳಿಯುತ್ತಿಲ್ಲ.

ಅವಳು ಹುಟ್ಟಿ ಇದೇ ಇಪ್ಪತ್ತಕ್ಕೆ ವರ್ಷವಾಗುತ್ತದೆ. ಆ ದಿನ ತಲುಪುವ ಹಾಗೆ ಅವಳ ಹೆಸರನ್ನು ಇನ್ನೊಂದು ಸಲ ಬರೆದು ಕಳಿಸಿ. ಬೇರೇನೂ ಬೇಡ, ಹೆಸರು ಮಾತ್ರ ಸಾಕು. ನಿಮ್ಮ ಅಕ್ಷರ ಹೇಗಿರುತ್ತದೆಂದು ನಾನು ನೋಡಬೇಕು.

ಲೊರೀನ್ ವಾವ್ರಾ